‘ಮೂನ್’ ಚರ್ಚೆ: ಸದಸ್ಯರ ಗಮನಕ್ಕೆ

ಗೆಳೆಯರೇ, ‘ಮೂನ್’ ಎಂಬ ವಿಡಿಯೋ ಆಟದ ಬಗ್ಗೆ ನಮ್ಮ ಗುಂಪು ಎರಡು ಹೋಳಾಗಿದೆ: ಕೆಲವರು ಮೆಚ್ಚಿದ್ದಾರೆ, ಕೆಲವರು ಬೇಸರ ಬಂದು ಬಿಟ್ಟಿದ್ದಾರೆ. ಹಾಗಾಗಿ ಈ ಸೂಚನೆ.

1997ರಲ್ಲಿ ಜಪಾನಿನ ಲವ್-ಡಿ-ಲಿಕ್ ತಂಡ ಪ್ಲೇಸ್ಟೇಷನ್‌ಗೆ ತಂದ ಈ ಆಟ ಇಂಗ್ಲಿಷಿಗೆ ಬಂದದ್ದು 2020ರಲ್ಲಿ. ಇಲ್ಲಿ ನಾವು ಕತ್ತಿ ಹಿಡಿದ ವೀರನಲ್ಲ, ಟಿವಿಯೊಳಗೆ ಸೆಳೆದುಹೋದ ಹುಡುಗ. ವೀರ ಕೊಂದು ಹಾಕಿದ ಪ್ರಾಣಿಗಳ ಆತ್ಮಗಳನ್ನು ಹಿಡಿದು ಬಿಡುಗಡೆ ಮಾಡುವುದೇ ನಮ್ಮ ಕೆಲಸ. ಕಣ್ಣು ಮಂಜಾದ ಅಜ್ಜಿಯೊಬ್ಬಳು ನಮ್ಮನ್ನು ತೀರಿಹೋದ ಮೊಮ್ಮಗನೆಂದೇ ನಂಬಿ ಮನೆಗೆ ಸೇರಿಸಿಕೊಳ್ಳುತ್ತಾಳೆ. ಕಾಳಗದ ಅಂಕಗಳಿಲ್ಲ, ಬದಲಿಗೆ ‘ಪ್ರೀತಿ’ಯ ಅಂಕಗಳಿವೆ; ಅವು ಕೂಡಿದಷ್ಟೂ ಹೆಚ್ಚು ಹೊತ್ತು ಓಡಾಡಬಹುದು. ಹೊತ್ತು ಮೀರುವ ಮೊದಲು ಹಾಸಿಗೆ ಸೇರದಿದ್ದರೆ ಆಟ ಮುಗಿಯಿತು.

ತಕರಾರು ಇರುವುದು ಇಲ್ಲೇ. ಎಲ್ಲಿಗೆ ಹೋಗಬೇಕೆಂದು ಆಟ ಹೇಳುವುದಿಲ್ಲ, ಕೆಲವು ಆತ್ಮಗಳು ಇಂಥ ಹೊತ್ತಿನಲ್ಲಷ್ಟೇ ಕಾಣಿಸುತ್ತವೆ, ಸುಮ್ಮನೆ ಕಾಯಬೇಕು. ಬೇಸರ ಬಂದು ಬಿಟ್ಟವರ ಮಾತು ನ್ಯಾಯವಾದದ್ದೇ. ಆದರೂ ನನ್ನ ಮನಸ್ಸು ಮೆಚ್ಚಿದವರ ಕಡೆಗೇ ವಾಲುತ್ತದೆ: ಆ ಕಾಯುವಿಕೆಯಲ್ಲೇ ಊರಿನವರ ದಿನಚರಿ ಕಣ್ಣಿಗೆ ಬೀಳುತ್ತದೆ, ಅವರ ಗುಟ್ಟುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ‘ಅಂಡರ್‌ಟೇಲ್’ ಎಂಬ ಆಟವನ್ನು ಇಷ್ಟಪಟ್ಟವರು ‘ಮೂನ್’ ಆಡಲೇಬೇಕು. ‘ಅಂಡರ್‌ಟೇಲ್’ ರೂಪಿಸಿದ ಟೋಬಿ ಫಾಕ್ಸ್ ಅವರೇ ‘ಮೂನ್’ನ ಕಲ್ಪನೆಯಿಂದ ಪ್ರೇರಣೆ ಪಡೆದವರು.

ಒಂದು ಕೋರಿಕೆ: ಅಭಿಪ್ರಾಯ ಬರೆಯುವಾಗ ಎಲ್ಲಿಯವರೆಗೆ ಆಡಿದ್ದೀರಿ ಎಂದು ಮೊದಲೇ ತಿಳಿಸಿ. ಆಟ ಇಷ್ಟವಾಗದವರನ್ನು ‘ತಾಳ್ಮೆಯಿಲ್ಲದವರು’ ಎಂದು ಹೀಗಳೆಯಬೇಡಿ. ಆಟದ ಕೊನೆಯಲ್ಲಿ ಬರುವ ಬಾಗಿಲಿನ ಗುಟ್ಟನ್ನಂತೂ ದಯವಿಟ್ಟು ಯಾರೂ ಇಲ್ಲಿ ಬಿಟ್ಟುಕೊಡಬೇಡಿ. ಇನ್ನೂ ಆಡುತ್ತಿರುವವರು ನಮ್ಮಲ್ಲಿದ್ದಾರೆ.