ಮಾರ್ಚ್ ಸಮಾವೇಶಕ್ಕೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭೌತವಿಜ್ಞಾನಿಗಳ ಸಂಘವಾದ ಅಮೆರಿಕನ್ ಫಿಸಿಕಲ್ ಸೊಸೈಟಿಯ ಮಾರ್ಚ್ ಸಮಾವೇಶಕ್ಕೆ (2025ರಿಂದ ಗ್ಲೋಬಲ್ ಫಿಸಿಕ್ಸ್ ಸಮಿಟ್) ಅಬ್‌ಸ್ಟ್ರಾಕ್ಟ್ (ಟಾಕ್ ಅಥವಾ ಪೋಸ್ಟರ್‌ನ ಸಾರಾಂಶ) ಕಳಿಸುವವರು ಗೈಡ್ ಹತ್ತಿರ ಈಗಲೇ ಮಾತಾಡಿ. ವೀಸಾಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಅಲ್ಲಿ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳ ಟಾಕ್‌ಗೆ ಸಿಗುವುದು 10 ನಿಮಿಷ, ಪ್ರಶ್ನೆಗಳಿಗೆ 2 ನಿಮಿಷ. ಅಷ್ಟರಲ್ಲಿ ಇಡೀ ಥೀಸಿಸ್ ತುರುಕಬೇಡಿ. ಒಂದು ಒಳ್ಳೆಯ ಗ್ರಾಫ್ ಸಾಕು. x ಅಕ್ಷದಲ್ಲಿ ಏನಿದೆ, y ಅಕ್ಷದಲ್ಲಿ ಏನಿದೆ, ಗೆರೆ ಎಲ್ಲಿ ಬಾಗಿದೆ, ಯಾಕೆ ಅಂತ ನಿಧಾನವಾಗಿ ಹೇಳಿ. ಅಕ್ಷರ ಕೊನೇ ಸಾಲಿಗೂ ಕಾಣಬೇಕು. ನಮ್ಮ ಸೆಮಿನಾರ್‌ಗಳಲ್ಲಿ ಅದೇ ಕಾಣುವುದಿಲ್ಲ, ಅಲ್ವಾ?

ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ) ಹುಡುಕುತ್ತಿರುವವರು ಪೋಸ್ಟರ್ (ಟಾಕ್ ಬದಲು ಕೆಲಸವನ್ನು ದೊಡ್ಡ ಹಾಳೆಯಲ್ಲಿ ಹಾಕಿ ಪಕ್ಕದಲ್ಲಿ ನಿಂತು ವಿವರಿಸುವುದು) ಅಂದರೆ ಮೂಗು ಮುರಿಯಬೇಡಿ. ಪೋಸ್ಟರ್ ಮುಂದೆ ಹತ್ತು ನಿಮಿಷ ನಿಂತು ಪ್ರಶ್ನೆ ಕೇಳಿದವರಿಗೆ ಆಮೇಲೆ ಇಮೇಲ್ ಬರೆಯುವುದು ಸುಲಭ.

ಪ್ರಯಾಣದ ಹಣಕ್ಕೆ ಸರ್ಬ್ (ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರ ಸರ್ಕಾರದ ಮಂಡಳಿ) ಅಂತ ಹುಡುಕಬೇಡಿ. ಅದರ ಜಾಗಕ್ಕೆ ಈಗ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್, ಅಂದರೆ ಎಎನ್‌ಆರ್‌ಎಫ್ ಬಂದಿದೆ. ನಿಯಮಗಳನ್ನು ಅವರ ಜಾಲತಾಣದಲ್ಲೇ ನೋಡಿ, ಸೀನಿಯರ್‌ಗಳ ಹಳೇ ಪಿಡಿಎಫ್ ನಂಬಬೇಡಿ.

ವಿದೇಶ ಆಗದಿದ್ದರೆ ಬೇಜಾರು ಬೇಡ. ಬೆಂಗಳೂರಿನ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಸಂಶೋಧನಾ ಕೇಂದ್ರ) ಕಾರ್ಯಕ್ರಮಗಳಿಗೆ ಅರ್ಜಿ ಹಾಕಿ. ಅಲ್ಲಿ ಊಟದ ಮೇಜಿನಲ್ಲೇ ಜಾಸ್ತಿ ಫಿಸಿಕ್ಸ್ ನಡೆಯುತ್ತದೆ.

ಶನಿವಾರ 11ಕ್ಕೆ ಸೆಮಿನಾರ್ ಹಾಲ್‌ನಲ್ಲಿ ಅಭ್ಯಾಸದ ಟಾಕ್. ಹೆಸರು ಇಲ್ಲೇ ಹಾಕಿ.