ಬರಬೇಕಿದ್ದ ಮಾಲಿಗೆ ಕಾಲಂ ಇಲ್ಲ

ಕೋಲಾರ
ಸೆಪ್ಟೆಂಬರ್ 15

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನೋಡಿದೆ, ಓದಿದ ಪುಸ್ತಕದ ಲೆಕ್ಕ ಇಡುವ ಆ ಆ್ಯಪಿನದು. ಗುಡ್‌ರೀಡ್ಸ್‌ನವರು ವರ್ಷದ ಗುರಿ 50 ಪುಸ್ತಕ, ಓದಿದ್ದು 19 ಅಂತ ತೋರಿಸಿ, ಹದಿನಾರು ಪುಸ್ತಕ ಹಿಂದೆ ಬಿದ್ದಿದ್ದೀಯ ಅಂತಲೂ ಸೇರಿಸಿದ್ದಾರೆ. ಅದರ ಕೆಳಗೆ ನೀನು ‘ಈ ವರ್ಷವೂ ಹೋಯ್ತು ಅಪ್ಪ, ಇದನ್ನ ತೆಗೆದುಹಾಕ್ತೀನಿ’ ಅಂತ ಬರೆದಿದ್ದೀಯ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ‘ಸರಿ ಬಿಡಪ್ಪ’ ಅಂತೀಯ. ಅದಕ್ಕೇ ಕಾಗದ.

ಮೊದಲು ಅವರ ಲೆಕ್ಕ ಸರಿ ಇದೆಯಾ ಅಂತ ನೋಡಿದೆ. ಅಭ್ಯಾಸಬಲ. ವರ್ಷಕ್ಕೆ 50 ಅಂದರೆ ಏಳು ದಿನ ಚಿಲ್ಲರೆಗೆ ಒಂದು ಪುಸ್ತಕ. ಇವತ್ತಿಗೆ ವರ್ಷದ 258 ದಿನ ಆಯಿತು. 35 ಪುಸ್ತಕ ಆಗಿರಬೇಕಿತ್ತು. ಸರಿಯಾಗೇ ಇದೆ. ಇನ್ನು ಉಳಿದಿರುವುದು 107 ದಿನ, 31 ಪುಸ್ತಕ. ಮೂರೂವರೆ ದಿನಕ್ಕೊಂದು. ಆಫೀಸು, ಮೆಟ್ರೋ, ಪಿಜಿಯಲ್ಲಿ ಬಟ್ಟೆ ಒಗೆಯುವ ಸರದಿ, ಇದೆಲ್ಲ ಮುಗಿಸಿಕೊಂಡು ಅಷ್ಟು ಓದಲು ಯಾರ ಕೈಲೂ ಆಗಲ್ಲ. ಇದು ನಿನಗೂ ಗೊತ್ತು. ಗೊತ್ತಿದ್ದೂ ಮನಸ್ಸಿಗೆ ಹಚ್ಚಿಕೊಂಡಿದ್ದೀಯಲ್ಲ, ಅದು ನನಗೆ ಹಿಡಿಸಲಿಲ್ಲ.

ಇಷ್ಟು ವರ್ಷ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆದವನು ನಾನು. ನಮ್ಮ ಕೀರ್ದಿ ಪುಸ್ತಕ ನೀನು ಚಿಕ್ಕವಳಿದ್ದಾಗ ನೋಡಿದ್ದೀಯ. ಯಾವ ರೈತನದು ಎಷ್ಟು ಬಾಕ್ಸ್ ಬಂತು, ಹರಾಜಿನಲ್ಲಿ ಯಾವ ರೇಟಿಗೆ ಹೋಯಿತು, ಹಮಾಲಿ ಎಷ್ಟು, ಕೈಗೆ ಕೊಟ್ಟಿದ್ದೆಷ್ಟು, ಎಲ್ಲ ಇರುತ್ತೆ. ಬರಬೇಕಿದ್ದ ಮಾಲಿಗೆ ಮಾತ್ರ ಕಾಲಂ ಇಲ್ಲ. ಶ್ರೀನಿವಾಸಪುರದ ಕಡೆಯ ರೈತ ‘ನಾಳೆ ಮುನ್ನೂರು ಬಾಕ್ಸ್ ತರ್ತೀನಿ’ ಅಂತ ಹೇಳಿ, ರಾತ್ರಿ ಮಳೆ ಹೊಡೆದು ಎಂಬತ್ತು ತಂದ ಅನ್ನು. ಎಂಬತ್ತು ಅಂತ ಬರೆಯುತ್ತೇವೆ, ಅಷ್ಟೇ. ‘ಇನ್ನೂರಿಪ್ಪತ್ತು ಬಾಕಿ’ ಅಂತ ಅವನ ಚೀಟಿಯಲ್ಲಿ ಬರೆದು ಕೊಟ್ಟರೆ ಅವನು ಮಾರನೆ ದಿನ ಪಕ್ಕದ ಮಂಡಿಯಲ್ಲಿ ಗಾಡಿ ನಿಲ್ಲಿಸುತ್ತಾನೆ. ನಿನ್ನ ಆ್ಯಪ್ ಮಾಡುತ್ತಿರುವುದು ಇದನ್ನೇ. ತಂದ ಹತ್ತೊಂಬತ್ತನ್ನು ಸಣ್ಣಕ್ಷರದಲ್ಲಿ ಹಾಕಿ, ತರದೇ ಇರುವ ಹದಿನಾರನ್ನು ಎದುರಿಗೆ ಹಿಡಿಯುತ್ತಿದೆ. ನೀನೂ ಗಾಡಿ ತಿರುಗಿಸಿಕೊಂಡು ರೀಲ್ಸ್ ಮಂಡಿಗೆ ಹೊರಟಿದ್ದೀಯ.

ಇನ್ನೊಂದು ವಿಷಯ. ನಮ್ಮಲ್ಲಿ ಬಾಕ್ಸ್ ಅಂದರೆ 15 ಕೆಜಿ. ಯಾರ ತೋಟದ್ದಾದರೂ ಅಷ್ಟೇ. ಅದಕ್ಕೇ ಬಾಕ್ಸ್ ಎಣಿಸಿದರೆ ಏನೋ ಅರ್ಥ ಇರುತ್ತೆ. ಪುಸ್ತಕಕ್ಕೆ ಅಂಥ ತೂಕ ಎಲ್ಲಿದೆ? ಹೋದ ಸಲ ಬಂದಾಗ ನೀನು ತೋರಿಸಿದ ಪಟ್ಟಿಯನ್ನು ನಾನು ಬರೆದಿಟ್ಟುಕೊಂಡಿದ್ದೆ. ನಿನಗೆ ಹೇಳಿರಲಿಲ್ಲ. ಅದರಲ್ಲಿ ಜುಲೈ ನಂತರದ ಆರರಲ್ಲಿ ಐದು ಪುಸ್ತಕ ನೂರು ಪುಟ ದಾಟಿಲ್ಲ. ತೆಳ್ಳಗಿನ ಪುಸ್ತಕ ಕಡಿಮೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ನೀನು ಅವನ್ನು ಆರಿಸಿಕೊಂಡಿದ್ದು ತೆಳ್ಳಗಿವೆ ಅನ್ನುವ ಒಂದೇ ಕಾರಣಕ್ಕೆ, ಅಲ್ವಾ?

ಅದೇ ಪಟ್ಟಿಯಲ್ಲಿ ‘ಮಲೆಗಳಲ್ಲಿ ಮದುಮಗಳು’ ಇಲ್ಲ. ಮೇ ತಿಂಗಳಲ್ಲಿ ನೀನು ಅದನ್ನು ಶುರು ಮಾಡಿದ್ದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಗುತ್ತಿಯ ನಾಯಿ ಹುಲಿಯನ ಬಗ್ಗೆ ಹೇಳಿದ್ದೆ. ಹಾಗೆ ನೀನು ಒಂದು ಪುಸ್ತಕದ ಬಗ್ಗೆ ಮಾತಾಡಿ ಎಷ್ಟೋ ಕಾಲ ಆಗಿತ್ತು. ಆಮೇಲೆ ಮುನ್ನೂರನೇ ಪುಟದ ಹತ್ತಿರ ಬಿಟ್ಟುಬಿಟ್ಟೆ. ಯಾಕೆ ಅಂದಿದ್ದಕ್ಕೆ ‘ಅದು ಮುಗಿಯೋದರೊಳಗೆ ನಾಲ್ಕು ಪುಸ್ತಕ ಆಗುತ್ತೆ ಅಪ್ಪ’ ಅಂದೆ. ಏಳುನೂರು ಪುಟಕ್ಕೂ ಜಾಸ್ತಿ ಇರುವ ಪುಸ್ತಕ ಅದು. 1967ರಲ್ಲಿ ಬಂದಿದ್ದು, ಇವತ್ತಿಗೂ ಜನ ಓದುತ್ತಿದ್ದಾರೆ. ನೀನು ಓದಿದ ಆ ಮುನ್ನೂರು ಪುಟ ನಿನ್ನ ಆ್ಯಪಿನಲ್ಲಿ ಸೊನ್ನೆ. ಮುಗಿಸಿದ ತಾರೀಖು ಬಿದ್ದರೆ ಮಾತ್ರ ಅವರಿಗೆ ಒಂದು. ಈ ವರ್ಷ ನೀನು ಓದಿದ್ದರಲ್ಲಿ ನಿನಗೆ ನಿಜವಾಗಿ ಹಿಡಿಸಿದ್ದು ಲೆಕ್ಕಕ್ಕೇ ಇಲ್ಲ ಅಂದರೆ ಆ ಲೆಕ್ಕ ಬರೆಯುವ ರೀತಿಯಲ್ಲೇ ಏನೋ ಐಬು ಇದೆ.

ನಿಮ್ಮ ತಾತ ಬೆಳಗ್ಗೆ ಸ್ನಾನ ಆದಮೇಲೆ ಮಂಕುತಿಮ್ಮನ ಕಗ್ಗದ ಒಂದು ಪದ್ಯ ಓದುತ್ತಿದ್ದರು. ಒಂದೇ. ಎರಡನೆಯದಕ್ಕೆ ಹೋಗುತ್ತಿರಲಿಲ್ಲ. ಡಿವಿಜಿ ನಮ್ಮ ಪಕ್ಕದ ಮುಳಬಾಗಿಲಿನವರು ಅನ್ನುವುದು ಅವರಿಗೆ ಒಂದು ಹೆಮ್ಮೆ, ಏನೋ ತಮ್ಮ ದಾಯಾದಿಗಳು ಅನ್ನುವ ಹಾಗೆ ಮಾತಾಡುತ್ತಿದ್ದರು. 1943ರಲ್ಲಿ ಬಂದ ಕಗ್ಗದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರ ಹಾಗೆ ಎರಡೂವರೆ ವರ್ಷಕ್ಕೂ ಜಾಸ್ತಿ. ಗುಡ್‌ರೀಡ್ಸ್ ಲೆಕ್ಕದಲ್ಲಿ ತಾತ ಎರಡು ವರ್ಷ ಏನೂ ಓದದೆ ಕೂತಿದ್ದು, ಮೂರನೇ ವರ್ಷ ಒಂದು ಪುಸ್ತಕ ಓದಿದ ಮನುಷ್ಯ!

ಸ್ಟೋರಿಗ್ರಾಫ್ ಅಂತ ಇನ್ನೊಂದು ಇದೆ, ನಿನ್ನ ತಮ್ಮ ತೋರಿಸಿದ. ಅದರಲ್ಲಿ ಪುಸ್ತಕದ ಬದಲು ಪುಟದ ಗುರಿ ಇಟ್ಟುಕೊಳ್ಳಬಹುದು. ಕೇಳುವ ಪುಸ್ತಕಕ್ಕೆ ಗಂಟೆಯ ಗುರಿ. ಅರ್ಧಕ್ಕೆ ಬಿಟ್ಟಿದ್ದನ್ನು ಬಿಟ್ಟೆ ಅಂತಲೇ ಗುರುತು ಹಾಕಲೂ ಜಾಗ ಇದೆ. ಇದು ನನಗೆ ಸ್ವಲ್ಪ ಒಪ್ಪಿಗೆ ಆಯಿತು. ಪುಟವೂ ಸರಿಯಾದ ತೂಕ ಅಲ್ಲ, ಕಗ್ಗದ ಒಂದು ಪುಟಕ್ಕೂ ಪತ್ತೇದಾರಿ ಕಾದಂಬರಿಯ ಒಂದು ಪುಟಕ್ಕೂ ಎಲ್ಲಿಯ ಸಮ. ಆದರೂ ದಪ್ಪ ಪುಸ್ತಕ ಮುಟ್ಟಿದವರಿಗೆ ಅದು ದಂಡ ಹಾಕಲ್ಲ.

ಆ್ಯಪಿನಲ್ಲಿ ಕನ್ನಡ ಪುಸ್ತಕ ಹುಡುಕಿದರೆ ಸಿಗಲ್ಲ ಅಂತ ನೀನು ಗೊಣಗುತ್ತಿದ್ದೆ. ನಮ್ಮ ಮನೆಯ ಪುಸ್ತಕಗಳ ಹಿಂಬದಿ ತಿರುಗಿಸಿ ನೋಡು, ಎಷ್ಟೋ ಪುಸ್ತಕಕ್ಕೆ ಬಾರ್‌ಕೋಡೇ ಇಲ್ಲ. ಐಎಸ್‌ಬಿಎನ್ ಅನ್ನುವ, ಪುಸ್ತಕ ಗುರುತಿಸುವ ನಂಬರ್ ಜಗತ್ತಿನ ನಿಯಮ ಆಗಿದ್ದೇ 1970ರಲ್ಲಿ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರದ್ದು. ಅದರ ಹಳೇ ಪ್ರತಿಯನ್ನು ಕ್ಯಾಮೆರಾ ಮುಂದೆ ಹಿಡಿದರೆ ಅದಕ್ಕೇನು ಗೊತ್ತಾಗುತ್ತೆ? ಕೈಯಾರೆ ಹೆಸರು ಹೊಡೆದು, ಪುಟ ಬರೆದು, ರಕ್ಷಾಪುಟದ ಫೋಟೋ ಹಾಕಿ ಸೇರಿಸು. ಸ್ಟೋರಿಗ್ರಾಫಿನಲ್ಲಿ ಸೇರಿಸಲು ಅವಕಾಶ ಇದೆ. ಮುಂದೆ ಇನ್ನೊಬ್ಬರಿಗೆ ಸಿಗುತ್ತೆ.

ನನ್ನ ನೋಟ್‌ಬುಕ್ ವಿಷಯ ನೀನು ಯಾವತ್ತೂ ಕೇಳಿಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ ಕೆಂಪು ರಟ್ಟಿನ ಉದ್ದ ಪುಸ್ತಕ ಇದೆಯಲ್ಲ, ಮಂಡಿಯದು ಅಂತ ನೀವೆಲ್ಲ ಅಂದುಕೊಂಡಿದ್ದೀರಿ. ಮಂಡಿಯಿಂದ ತಂದಿದ್ದು ಹೌದು. ಒಳಗೆ ಇರುವುದು ನನ್ನ ಓದಿನ ಲೆಕ್ಕ. ಶುರು ಮಾಡಿದ ತಾರೀಖು, ಮುಗಿಸಿದ ತಾರೀಖು, ಪುಸ್ತಕ ಎಲ್ಲಿಂದ ಬಂತು, ಒಂದು ಸಾಲು. ಆ ಒಂದು ಸಾಲು ವಿಮರ್ಶೆ ಏನಲ್ಲ. ‘ಬಸ್ಸಿನಲ್ಲಿ ಓದಿದೆ, ನರಸಾಪುರ ದಾಟಿದ್ದು ಗೊತ್ತಾಗಲಿಲ್ಲ’ ಅಂತ ಒಂದು ಕಡೆ ಇದೆ. ಇನ್ನೊಂದು ಕಡೆ ಬರೀ ‘ಬೇಜಾರು’ ಅಂತಿದೆ. ಹಿಂದಿನಿಂದ ತಿರುಗಿಸಿದರೆ ಅರ್ಧಕ್ಕೆ ಬಿಟ್ಟವು, ಪುಟದ ನಂಬರ್ ಸಮೇತ. ಅದು ಮುಂದಿನ ಪಟ್ಟಿಗಿಂತ ಉದ್ದ ಇದೆ. ಅದರಲ್ಲಿ ಕೆಲವು ವರ್ಷಗಳ ಮೇಲೆ ಮುಂದಿನ ಪಟ್ಟಿಗೆ ಬಂದಿವೆ.

ಕೊನೇ ಕಾಲಂ ‘ಈಗ ಎಲ್ಲಿದೆ’. ಓದಲು ಕೊಟ್ಟ ಪುಸ್ತಕ, ತೆಗೆದುಕೊಂಡು ಹೋದವರ ಹೆಸರು. ಮಂಡಿಯಲ್ಲಿ ವಸೂಲಿ ಮಾಡುವುದು ಸುಲಭ ಕಣಮ್ಮ. ಪುಸ್ತಕ ವಸೂಲಿ ಮಾಡಲು ಹೋದರೆ ‘ಅಯ್ಯೋ, ಇನ್ನೂ ಓದಬೇಕು’ ಅಂತಾರೆ. ಓದುತ್ತೀನಿ ಅನ್ನುವವರ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? ನಿನ್ನ ಹೆಸರೂ ಅದರಲ್ಲಿದೆ, ಹೇಳಿರುತ್ತೀನಿ.

ಆ ಪುಸ್ತಕದಿಂದ ನನಗೆ ಸಿಕ್ಕಿದ ಉಪಯೋಗ ಅಂದರೆ ಎರಡು ತಾರೀಖಿನ ನಡುವಿನ ಅಂತರ. ಮಳೆ ಬಿದ್ದು ಮಾಲು ಜಾಸ್ತಿ ಬರುವ ತಿಂಗಳುಗಳಲ್ಲಿ ನಾನು ಸಣ್ಣ ಕಥೆ ಬಿಟ್ಟು ಬೇರೆ ಏನೂ ಓದಿಲ್ಲ. ಮಂಡಿ ತಣ್ಣಗಿರುವಾಗ ದಪ್ಪ ಪುಸ್ತಕ ಮುಗಿದಿವೆ. ಇದು ಗೊತ್ತಾದ ಮೇಲೆ ಜುಲೈ ತಿಂಗಳಲ್ಲಿ ದೊಡ್ಡ ಕಾದಂಬರಿ ಮುಟ್ಟುವುದನ್ನೇ ಬಿಟ್ಟೆ. ನಿನ್ನದನ್ನೂ ಹಾಗೆ ನೋಡು. ಜನವರಿಯಲ್ಲಿ ನಾಲ್ಕು ಓದಿದ್ದೀಯ. ಏಪ್ರಿಲ್‌ನಲ್ಲಿ ಒಂದೂ ಇಲ್ಲ. ಏಪ್ರಿಲ್‌ನಲ್ಲಿ ಏನಾಗಿತ್ತು? ಅಜ್ಜಿಗೆ ಹುಷಾರಿರಲಿಲ್ಲ, ನೀನು ವಾರ ವಾರ ಬಂದು ಆಸ್ಪತ್ರೆಯಲ್ಲಿ ಕೂತಿದ್ದೆ. ಆ್ಯಪಿಗೆ ಅದು ಗೊತ್ತಿಲ್ಲ. ನಿನಗೆ ಗೊತ್ತಿರಬೇಕಲ್ವಾ?

ಈ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಓದುವುದು ನಿಮ್ಮಮ್ಮ. ಅವಳು ಯಾವ ಪಟ್ಟಿಯನ್ನೂ ಇಟ್ಟಿಲ್ಲ. ಮದುವೆ ಆದಾಗಿನಿಂದ ಸುಧಾ ವಾರಪತ್ರಿಕೆಯ ಧಾರಾವಾಹಿ ಕತ್ತರಿಸಿ, ಸೇರಿಸಿ, ದೊಡ್ಡಪೇಟೆಯಲ್ಲಿ ಬೈಂಡ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಹಿಂಬದಿಯಲ್ಲಿ ಅರ್ಧ ಅಡುಗೆ, ಅರ್ಧ ಜಾಹೀರಾತು. ಇದಕ್ಕೆ ಪುಟ ಎಷ್ಟು, ಐಎಸ್‌ಬಿಎನ್ ಯಾವುದು ಅಂತ ಕೇಳಿದರೆ ನಗುತ್ತಾಳೆ. ಈ ಕಾಗದ ಬರೆಯುತ್ತಿದ್ದೇನೆ ಅಂದಿದ್ದಕ್ಕೆ, ‘ಅವಳಿಗೆ ನಿದ್ದೆ ಮಾಡು ಅಂತ ಬರೀರಿ, ಓದೋದು ಆಮೇಲೆ’ ಅಂದಳು. ಬರೆದಿದ್ದೇನೆ.

ಈಗ ಏನು ಮಾಡಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ಆ್ಯಪ್ ತೆಗೆಯಬೇಡ. ಗುರಿಯನ್ನು ಇಳಿಸು. ವರ್ಷದ ಮಧ್ಯದಲ್ಲಿ ಬದಲಾಯಿಸಲು ಅವರೇ ಬಿಟ್ಟಿದ್ದಾರೆ, ಕಳ್ಳಲೆಕ್ಕ ಏನಲ್ಲ. 25 ಮಾಡು. ಇನ್ನು ಆರು ಉಳಿಯುತ್ತೆ. ಆ ಆರರಲ್ಲಿ ಒಂದು ‘ಮದುಮಗಳು’ ಆಗಿರಲಿ, ಅಕ್ಟೋಬರ್ ಪೂರ್ತಿ ಅದಕ್ಕೇ ಬಿಡು. ಉಳಿದಿದ್ದು ನಿನ್ನಿಷ್ಟ. ಮಾಸ್ತಿಯವರ ಸಣ್ಣ ಕಥೆಗಳಲ್ಲಿ ಎಷ್ಟೋ ನಿನ್ನ ಮೆಟ್ರೋದ ಒಂದು ಓಡಾಟಕ್ಕೆ ಸರಿಯಾಗುತ್ತವೆ. ಒಂದು ಕಥೆ ಓದಿ ಸುಮ್ನೆ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತರೂ ನಷ್ಟ ಇಲ್ಲ. ಡಿಸೆಂಬರ್ ಕೊನೇ ವಾರದಲ್ಲಿ ಮಕ್ಕಳ ಪುಸ್ತಕ ಓದಿ ನಂಬರ್ ತುಂಬಿಸುವುದು ಮಾತ್ರ ಬೇಡ. ಮಕ್ಕಳ ಪುಸ್ತಕವನ್ನು ಇಷ್ಟಪಟ್ಟು ಓದಿದರೆ ಅದು ಬೇರೆ ವಿಷಯ.

ಮತ್ತೆ, ಪುಸ್ತಕ ಕೊಳ್ಳುವುದನ್ನು ಸ್ವಲ್ಪ ನಿಲ್ಲಿಸು. ಪಿಜಿಯ ಮಂಚದ ಕೆಳಗೆ ಇನ್ನೂ ಪ್ಲಾಸ್ಟಿಕ್ ಬಿಚ್ಚದ ಪುಸ್ತಕಗಳಿವೆ, ನಿನ್ನ ತಮ್ಮ ನೋಡಿ ಬಂದಿದ್ದಾನೆ. ಹತ್ತಿರದ ಸರ್ಕಾರಿ ಲೈಬ್ರರಿಗೆ ಸದಸ್ಯೆ ಆಗು. 1965ರ ಗ್ರಂಥಾಲಯ ಕಾಯ್ದೆ ಇದೆಯಲ್ಲ, ಅದರ ಪ್ರಕಾರ ನಾವು ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ನೂರಕ್ಕೆ ಆರರಂತೆ ಲೈಬ್ರರಿಗೆ ಅಂತಲೇ ಕಟ್ಟುತ್ತೇವೆ. ನಿಮ್ಮ ಪಿಜಿ ಮಾಲೀಕರೂ ಕಟ್ಟುತ್ತಾರೆ, ಅಂದರೆ ನಿನ್ನ ಬಾಡಿಗೆಯಿಂದಲೇ. ಕೊಟ್ಟ ದುಡ್ಡಿಗೆ ಮಾಲು ಎತ್ತಿಕೊಳ್ಳದೆ ಬರುವವರನ್ನು ನಮ್ಮ ಮಂಡಿಯಲ್ಲಿ ಏನಂತ ಕರೆಯುತ್ತಾರೆ ಅಂತ ಇಲ್ಲಿ ಬರೆಯಲ್ಲ. ಲೈಬ್ರರಿ ಪುಸ್ತಕಕ್ಕೆ ವಾಪಸ್ ಕೊಡುವ ತಾರೀಖು ಅಂತ ಒಂದು ಇರುತ್ತೆ. ಅವಸರ ಬೇಕೇ ಬೇಕು ಅನ್ನಿಸಿದರೆ ಆ ಅವಸರ ಸಾಕು. ಯಾರೋ ಇನ್ನೊಬ್ಬರು ಅದೇ ಪುಸ್ತಕಕ್ಕೆ ಕಾಯುತ್ತಿರಬಹುದು ಅಂತ ಓದುವುದರಲ್ಲಿ ಒಂದು ನ್ಯಾಯ ಇದೆ.

ಮುಂದಿನ ವರ್ಷದ ಗುರಿಯನ್ನು ಈಗಲೇ ಹಾಕಬೇಡ. ಹೊಸ ವರ್ಷದ ದಿನ ಎಲ್ಲರಿಗೂ ತಲೆ ತುಂಬಾ ಧೈರ್ಯ ಇರುತ್ತೆ. ಫೆಬ್ರವರಿ ಕಳೆಯಲಿ, ಎರಡು ತಿಂಗಳಲ್ಲಿ ಎಷ್ಟಾಯಿತು ನೋಡು, ಅದನ್ನು ಆರರಿಂದ ಗುಣಿಸಿ ಸ್ವಲ್ಪ ಕಡಿಮೆ ಮಾಡಿ ಹಾಕು. ಕಡಿಮೆ ಮಾಡುವುದು ಯಾಕೆ ಅಂದರೆ ಏಪ್ರಿಲ್ ಅನ್ನುವುದು ಎಲ್ಲ ವರ್ಷದಲ್ಲೂ ಯಾವುದಾದರೂ ತಿಂಗಳಲ್ಲಿ ಬಂದೇ ಬರುತ್ತೆ.

ದಸರಾಕ್ಕೆ ಯಾವ ದಿನ ಬರ್ತೀಯ ಅಂತ ಅಮ್ಮನಿಗೆ ಫೋನ್ ಮಾಡಿ ಹೇಳು, ಅಜ್ಜಿ ಗೊಂಬೆ ಜೋಡಿಸಲು ನಿನಗೇ ಕಾಯುತ್ತಿದ್ದಾರೆ. ಬರುವಾಗ ನನ್ನ ‘ಚಿಕವೀರ ರಾಜೇಂದ್ರ’ ತಂದುಬಿಡು. ನಿನ್ನ ಹೆಸರಿನ ಮುಂದೆ ಇರುವುದು ಅದೇ. ನಿನ್ನ ಗೆಳತಿಗೆ ಕೊಟ್ಟಿದ್ದರೆ ಅವಳ ಹೆಸರು ತಿಳಿಸು, ಕಾಲಂ ತಿದ್ದಿಕೊಳ್ಳುತ್ತೇನೆ.

ನಿನ್ನ
ಅಪ್ಪ