ಭಾನುವಾರದ ಕೂಟಕ್ಕೆ ಬೋನ್ ಇವೇರ್

ಸದಸ್ಯರ ಗಮನಕ್ಕೆ,

ಈ ಭಾನುವಾರ ಸಂಜೆ 5ಕ್ಕೆ ತೀರ್ಥಹಳ್ಳಿಯಲ್ಲಿ ಎಂದಿನ ಜಗಲಿಯಲ್ಲೇ ಸೇರೋಣ. ಈ ಸಲ ಕೇಳುವುದು ಬೋನ್ ಇವೇರ್, ಅಂದರೆ ಅಮೆರಿಕದ ವಿಸ್ಕಾನ್ಸಿನ್‌ನ ಗಾಯಕ ಜಸ್ಟಿನ್ ವರ್ನನ್. ತಂಡ ಒಡೆದು, ಪ್ರೀತಿ ಮುರಿದು, ಕಾಯಿಲೆಯೂ ಬಿದ್ದ ಮೇಲೆ 2006ರ ಚಳಿಗಾಲದಲ್ಲಿ ಅವರು ಕಾಡಿನ ನಡುವೆ ಅಪ್ಪನಿಗಿದ್ದ ಮರದ ಮನೆ ಸೇರಿಕೊಂಡರು. ಅಲ್ಲಿ ಒಬ್ಬರೇ ಕುಳಿತು ಧ್ವನಿಮುದ್ರಿಸಿದ ಹಾಡುಗಳನ್ನು 2007ರಲ್ಲಿ ತಾವೇ ಹೊರತಂದರು. ಬೋನ್ ಇವೇರ್ ಎಂಬ ಹೆಸರು ಫ್ರೆಂಚಿನದು, ‘ಒಳ್ಳೆಯ ಚಳಿಗಾಲ’ ಎಂಬ ಮಾತಿನ ಕಾಗುಣಿತ ಬದಲಿಸಿದ್ದಾರೆ, ಅಷ್ಟೆ.

ದನಿಯನ್ನು ಗಮನಿಸಿ. ಗಂಡುದನಿಯನ್ನು ತಾರಕಕ್ಕೇರಿಸಿ ತೆಳುವಾಗಿಸುತ್ತಾರೆ. ಅದರ ಮೇಲೆ ತಮ್ಮದೇ ದನಿಯನ್ನು ಪದರ ಪದರವಾಗಿ ಹೊದಿಸುತ್ತಾರೆ. ಗಿಟಾರ್ ಅದರೊಳಗಿಂದ, ಆಗುಂಬೆಯ ಮಂಜಿನಲ್ಲಿ ಎದುರು ಬರುವ ಬಸ್ಸಿನ ದೀಪದಂತೆ, ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಸಾಹಿತ್ಯ ಅರ್ಥವಾಗದಿದ್ದರೆ ಸಂಕೋಚ ಬೇಡ. ಮೊದಲು ಬರೀ ಸ್ವರ ಹಾಡಿಕೊಂಡು, ಆಮೇಲೆ ಅದಕ್ಕೆ ಹೊಂದುವ ಪದ ಹುಡುಕಿದವರು ಅವರು.

2012ರಲ್ಲಿ ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದವು. 2016ರ ಆಲ್ಬಂನ ಎಲೆಕ್ಟ್ರಾನಿಕ್ ಗದ್ದಲ ನನಗೆ ಹಿಡಿಸಲಿಲ್ಲ. ಜಗಳವಾಡುವವರು ಬೇಗ ಬನ್ನಿ.

ಮಳೆಗೆ ಕರೆಂಟ್ ನಂಬುವಂತಿಲ್ಲ, ಬ್ಯಾಟರಿ ಸ್ಪೀಕರ್ ಇದ್ದವರು ತನ್ನಿ. ಕಷಾಯ, ಹಲಸಿನ ಹಪ್ಪಳ ನಮ್ಮದು. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.